ಎಳ್ಳು ತಿನ್ನಬಾರದವರ ಸಂಕ್ರಾಂತಿ

"ಅಮ್ಮಾ, ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕು ಎನ್ನುತ್ತೀಯಲ್ಲ, ಎಳ್ಳು ತಿನ್ನಲೇಬಾರದವರು ಏನು ತಿಂದು ಒಳ್ಳೆಯ ಮಾತಾಡಬೇಕು?"

ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆಯುತ್ತಾ ಕುಳಿತಿದ್ದ ನನಗೆ ಮಗಳ ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವಳ ತರಗತಿಯ ಗೆಳತಿಗೆ ಎಳ್ಳೂ ಆಗುವುದಿಲ್ಲ, ಕಡಲೆಕಾಯಿ ಬೀಜವೂ ಆಗುವುದಿಲ್ಲ. ಆಗುವುದಿಲ್ಲ ಎಂದರೆ ಮೈ ತುರಿಸಿ ಸುಮ್ಮನಾಗುವಂಥದ್ದಲ್ಲ, ಉಸಿರೇ ಕಟ್ಟುತ್ತದೆ. ಶಾಲೆಯ ಚೀಲದಲ್ಲಿ ಚುಚ್ಚುಮದ್ದಿನ ಪೆನ್ನು ಸದಾ ಇರುತ್ತದೆ. ಆ ಮಗುವನ್ನೇ ಅಪ್ಪ, ಅಮ್ಮ, ತಮ್ಮನ ಸಮೇತ ನಾವು ಸಂಕ್ರಾಂತಿಯ ಊಟಕ್ಕೆ ಕರೆದಿದ್ದೆವು.

ನಾವಿರುವುದು ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ. ಜನವರಿಯಲ್ಲಿ ಇಲ್ಲಿ ಬೆಳಕು ಹರಿಯುವಷ್ಟರಲ್ಲಿ ಗಂಟೆ ಎಂಟೂವರೆ ದಾಟಿರುತ್ತದೆ, ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಉತ್ತರಾಯಣದ ಹಬ್ಬಕ್ಕೆ ಸೂರ್ಯನ ಮುಖವೇ ಕಾಣದ ವರ್ಷಗಳೂ ಇವೆ. ಈ ಸಲ ಹಬ್ಬ ಭಾನುವಾರ ಬಂದಿತ್ತು. ಭಾನುವಾರದ ಹಬ್ಬವನ್ನು ಒಬ್ಬರೇ ಉಂಡು ಮುಗಿಸಲು ಮನಸ್ಸು ಬರುವುದಿಲ್ಲ.

ಬರುವವರು ಏನೇನು ತಿನ್ನುವುದಿಲ್ಲ ಎಂಬುದನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಆ ಹುಡುಗಿಯ ಅಪ್ಪ ಹಾಲು, ಮೊಸರು, ತುಪ್ಪ ಯಾವುದನ್ನೂ ಮುಟ್ಟುವುದಿಲ್ಲ. ಅಮ್ಮನಿಗೆ ಕೊತ್ತಂಬರಿ ಸೊಪ್ಪು ಸಾಬೂನಿನಂತೆ ನಾರುತ್ತದಂತೆ. ತಮ್ಮನದು ಇನ್ನೊಂದು ಬಗೆ: ತಟ್ಟೆಯಲ್ಲಿ ಒಂದು ಪದಾರ್ಥ ಇನ್ನೊಂದಕ್ಕೆ ತಾಗಿತೋ, ಎರಡನ್ನೂ ಬಿಟ್ಟೇಳುತ್ತಾನೆ. ಇವರ ಜೊತೆಗೆ ನನ್ನ ಗಂಡನ ಸಹೋದ್ಯೋಗಿಯ ಮನೆಯವರು, ಮಗನ ಮನೆಗೆಂದು ಬೆಳಗಾವಿಯಿಂದ ಬಂದಿರುವ ಅವರ ತಾಯಿ. ಜೈನರ ಮನೆಯ ಹಿರಿಯರು. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಗೆಣಸು ಇಲ್ಲ, ಹೊತ್ತು ಮುಳುಗಿದ ಮೇಲೆ ಊಟವೂ ಇಲ್ಲ. ಡಚ್ಚರು ರಾತ್ರಿಯೂಟಕ್ಕೆ ಕೂರುವುದು ಆರು ಗಂಟೆಗೆ. ಅಜ್ಜಿಯ ಸಲುವಾಗಿ ಊಟವನ್ನು ಮೂರೂವರೆಗೇ ಇಟ್ಟುಕೊಂಡರೆ ಆದೀತೇ ಎಂದು ಕೇಳಿದಾಗ ಆ ಹುಡುಗಿಯ ಅಪ್ಪ ಅಮ್ಮ ಎರಡನೆಯ ಮಾತಾಡದೆ ಒಪ್ಪಿದರು. ಒಬ್ಬರ ವ್ರತಕ್ಕೆ ಇನ್ನೊಬ್ಬರು ಹಸಿವನ್ನು ಹಿಂದೆ ಮುಂದೆ ಮಾಡಿಕೊಳ್ಳುವುದು ದೊಡ್ಡ ಗುಣ, ಅದು ನನಗೆ ತುಂಬಾ ಹಿಡಿಸಿತು.

ಎಳ್ಳು ಬೀರುವುದನ್ನು ಏನು ಮಾಡುವುದು ಎಂಬ ಚಿಂತೆಯನ್ನು ಅಜ್ಜಿಯೇ ಪರಿಹರಿಸಿದರು. "ರಥಸಪ್ತಮಿಯವರೆಗೆ ಎಳ್ಳು ಕೊಡಬಹುದು ತಂಗಿ. ನಮ್ಮ ಕಡೆ ಹಾಗೇ ಮಾಡುತ್ತೇವೆ. ಮಗು ಬಂದು ಹೋಗಲಿ, ಆಮೇಲೆ ಬೀರಿದರಾಯಿತು" ಎಂದರು ಫೋನಿನಲ್ಲಿ. ತಾವು ಹಬ್ಬಕ್ಕೆಂದು ತಟ್ಟಿಟ್ಟಿದ್ದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನೂ ಮನೆಯಲ್ಲೇ ಬಿಟ್ಟು ಬರುವುದಾಗಿ ಹೇಳಿದರು.

ಯುರೋಪ್ ಒಕ್ಕೂಟದಲ್ಲಿ ಪೊಟ್ಟಣದ ಆಹಾರದ ಮೇಲೆ ಅಲರ್ಜಿ ತರುವ 14 ಬಗೆಯ ಪದಾರ್ಥಗಳನ್ನು ಎದ್ದು ಕಾಣುವಂತೆ ಅಚ್ಚು ಹಾಕಬೇಕೆಂಬ ನಿಯಮವಿದೆ. ಕಡಲೆಕಾಯಿಯೂ ಎಳ್ಳೂ ಆ ಪಟ್ಟಿಯಲ್ಲಿವೆ. ಅಂಗಡಿಯಲ್ಲಿ ನಿಂತು ಒಂದೊಂದೇ ಪೊಟ್ಟಣ ತಿರುಗಿಸಿ ಓದಿದೆ. ಹುರಿಗಡಲೆಯಲ್ಲಿ ಎರಡರ ಸೋಂಕೂ ಇರಬಹುದೆಂದು ಬರೆದಿತ್ತು, ವಾಪಸ್ ಇಟ್ಟೆ. ಕೊನೆಗೆ ಉಳಿದದ್ದು ಬೆಲ್ಲ, ಕೊಬ್ಬರಿ, ಒಣದ್ರಾಕ್ಷಿ. ಮತ್ತೆ ಸಕ್ಕರೆ ಅಚ್ಚು. ಅಮ್ಮನ ಕಾಲದ ಮರದ ಅಚ್ಚುಗಳು ನನ್ನ ಹತ್ತಿರವೇ ಇವೆ. ನೀರಿನಲ್ಲಿ ನೆನೆಸಿ, ದಾರ ಬಿಗಿದು, ಪಾಕ ಹೊಯ್ದು, ಆರಿದ ಮೇಲೆ ಬಿಚ್ಚಿದರೆ ಗಿಳಿ, ಬಾಳೆಗೊನೆ, ಬೃಂದಾವನ ಎಲ್ಲವೂ ಮೂಗು ಮುರಿಯದೆ ಎದ್ದು ಬಂದವು. "ಇದನ್ನು ತಿಂದು ಒಳ್ಳೆಯ ಮಾತಾಡಲಿ" ಎಂದೆ ಮಗಳಿಗೆ. ಅವಳು ಗೆಳತಿಗೆಂದು ದೊಡ್ಡ ಗಿಳಿಯನ್ನು ತೆಗೆದಿಟ್ಟಳು.

ಎಲ್ಲ ಇತ್ತು, ಅವರೆಕಾಯಿ ಒಂದು ಇರಲಿಲ್ಲ.

ನನ್ನ ತವರು ಮಾಗಡಿ. ಡಿಸೆಂಬರ್, ಜನವರಿಯಲ್ಲಿ ಮಾಗಡಿಯವರ ಕೈಯಿಂದ ಅವರೆಯ ವಾಸನೆ ಹೋಗುವುದೇ ಇಲ್ಲ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚು ಎನ್ನುತ್ತಿದ್ದರು ಅಪ್ಪ. ಇಲ್ಲಿನ ಡಬ್ಬಿಯ ಬಟಾಣಿ, ಪೆಟ್ಟಿಗೆಯ ಬೀನ್ಸ್ ಹಾಕಿ ಹುಗ್ಗಿ ಮಾಡಿದ್ದುಂಟು. ಅದು ಹುಗ್ಗಿಯೇ, ಹಬ್ಬದ ಹುಗ್ಗಿಯಲ್ಲ. ಅಲ್ಲಿ ಅಕ್ಕಿ, ಹೆಸರುಬೇಳೆಗಿಂತ ಕಾಳೇ ಜಾಸ್ತಿ ಇರಬೇಕು, ಬಾಗಿಲು ತೆರೆದೊಡನೆ ಬೀದಿಗೆಲ್ಲ ಗೊತ್ತಾಗಬೇಕು.

ಈ ಮಾತನ್ನು ಯಾವಾಗಲೋ ಪಕ್ಕದ ಮನೆಯ ದೀದಿಗೆ ಹೇಳಿದ್ದೆ. ಅವರು ದಕ್ಷಿಣ ಅಮೆರಿಕದಲ್ಲಿ ಡಚ್ಚರ ವಸಾಹತಾಗಿದ್ದ ಸುರಿನಾಮಿನ ಹಿಂದೂಸ್ತಾನಿ ಮನೆತನದವರು. 1873ರಲ್ಲಿ ಲಾಲಾ ರೂಖ್ ಎಂಬ ಹಡಗು ಕಲ್ಕತ್ತೆಯಿಂದ ಕೂಲಿಕಾರರ ಮೊದಲ ತಂಡವನ್ನು ಹೊತ್ತು ಸುರಿನಾಮ್ ತಲುಪಿತು. ಆಮೇಲೆ 1916ರವರೆಗೂ ಹಡಗುಗಳು ಹೋಗುತ್ತಲೇ ಇದ್ದವು. ದೀದಿಯ ಮುತ್ತಜ್ಜಿ ಹಾಗೆ ಹೋದವರು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ ದೀದಿಯ ತಂದೆ ತಾಯಿ ಇಲ್ಲಿಗೆ ಬಂದರು. ಮುತ್ತಜ್ಜಿಯ ಊರು ಯಾವುದೆಂದು ಮನೆಯಲ್ಲಿ ಈಗ ಯಾರಿಗೂ ಗೊತ್ತಿಲ್ಲ, ಮುತ್ತಜ್ಜಿ ಹಾಕುತ್ತಿದ್ದ ಒಗ್ಗರಣೆ ಮಾತ್ರ ಗೊತ್ತು. ಅದನ್ನು ಕೇಳಿದ ದಿನ ನನ್ನ ಮಗಳ ಮಕ್ಕಳಿಗೆ ಮಾಗಡಿಯ ಹೆಸರು ಬಂದೀತೇ ಎಂದು ರಾತ್ರಿಯೆಲ್ಲ ಯೋಚಿಸಿದ್ದೇನೆ.

ಶನಿವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ನೋಡಿದರೆ ಮಳೆಯಲ್ಲಿ ತೊಯ್ದ ಕೋಟಿನಲ್ಲಿ ದೀದಿ, ಕೈಯಲ್ಲಿ ಕಾಗದದ ಚೀಲ. ಬೆಳಿಗ್ಗೆಯೇ ಹೇಗ್‌ನ ದೊಡ್ಡ ಸಂತೆಗೆ ಹೋಗಿ, ಒಂದೊಂದೇ ಅಂಗಡಿ ಕೇಳುತ್ತಾ ಹುಡುಕಿ ತಂದಿದ್ದರು. "ಇದೇ ಏನಮ್ಮ ನೀನು ಹೇಳಿದ ಕಾಯಿ?" ಎಂದು ಅವರ ಹಿಂದಿಯಲ್ಲಿ ಕೇಳಿದರು. ಚಪ್ಪರದವರೆ. ನಮ್ಮ ಹೊಲದ ಅವರೆಯಲ್ಲ, ಸೊಗಡಿಲ್ಲ, ಕಾಳು ಸಣ್ಣದು. ಆದರೂ ಅದರ ಬಳಗವೇ. ಹೌದು ಎಂದೆ. ದುಡ್ಡು ಎಷ್ಟು ಎಂದರೆ ಕೈ ಹಿಡಿದು ತಡೆದರು.

ಆ ಸಂಜೆ ಬಲಿತ ಕಾಯಿಗಳನ್ನಷ್ಟೇ ಆರಿಸಿ ಬಿಡಿಸಿ, ಕಾಳನ್ನು ನೀರಿಗೆ ಹಾಕಿದೆ. ಭಾನುವಾರ ಬೆಳಿಗ್ಗೆ ಹಿತಕಲು ಕುಳಿತೆ. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳನ್ನು ಇಟ್ಟು ಒತ್ತಿದರೆ ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಚಿಮ್ಮಿ ಬೋಗುಣಿಗೆ ಬೀಳುತ್ತದೆ. ಹೆಚ್ಚು ಒತ್ತಿದರೆ ಎರಡು ಹೋಳು, ಕಡಿಮೆ ಒತ್ತಿದರೆ ಜಾರಿಹೋಗುತ್ತದೆ. ನನಗೆ ಇದನ್ನು ಯಾರೂ ಕೂರಿಸಿ ಕಲಿಸಲಿಲ್ಲ. ಅಪ್ಪನ ಬೆರಳನ್ನು ನೋಡಿ ಬಂದದ್ದು.

ಚಿಕ್ಕವಳಿದ್ದಾಗ ಒಂದು ಸಲ ಅವರೆಯಲ್ಲಿ ಹುಳ ಕಂಡೆ. ಆಮೇಲೆ ಅವರೆ ಹಾಕಿದ್ದನ್ನೆಲ್ಲ ದೂರ ತಳ್ಳತೊಡಗಿದೆ. ಮಾಗಡಿಯ ಮನೆಯಲ್ಲಿ ಚಳಿಗಾಲ ಪೂರ್ತಿ ಅವರೆ ತಿನ್ನದ ಮಗುವಿಗೆ ಊಟ ಹಾಕುವುದೆಂದರೆ ಸುಮ್ಮನೆಯೇ? "ಹಸಿದರೆ ತಾನೇ ತಿನ್ನುತ್ತಾಳೆ ಬಿಡಿ" ಎನ್ನುತ್ತಿದ್ದಳು ಅಮ್ಮ. ಅಪ್ಪ ಬಿಡಲಿಲ್ಲ. ಅಂಗಡಿ ಮುಚ್ಚಿ ಬಂದು, ಕೈಕಾಲು ತೊಳೆದು, ದೀಪದ ಕೆಳಗೆ ಕೂರುವರು. ಒಂದೊಂದು ಕಾಳನ್ನೂ ಬೆಳಕಿಗೆ ಹಿಡಿದು ನೋಡಿ, ಹಿತಕಿ, ನನಗೆಂದೇ ಬೇರೆ ಬಟ್ಟಲಿಗೆ ಹಾಕುವರು. "ನೋಡು, ಇದು ನಾನು ನೋಡಿದ ಬೇಳೆ" ಎಂದು ಆಣೆ ಇಟ್ಟಂತೆ ಹೇಳುವರು. ಆ ಬಟ್ಟಲಿನ ಬೇಳೆಯ ಸಾರು ಮಾತ್ರ ಉಣ್ಣುತ್ತಿದ್ದೆ. ಹಟ ಮಾಡುವವರಿಗೆ ಸೊಪ್ಪು ಹಾಕಬಾರದು ಎಂದು ನೆಂಟರೆಲ್ಲ ಹೇಳುತ್ತಿದ್ದರು. ಅಪ್ಪ ಅದನ್ನು ಹಟ ಎಂದು ಎಂದೂ ಕರೆಯಲಿಲ್ಲ, "ಅವಳಿಗೆ ಭಯ" ಎನ್ನುತ್ತಿದ್ದರು.

ಮಧ್ಯಾಹ್ನ ಒಂದರ ಹೊತ್ತಿಗೆ ಅವರೇ ಫೋನ್ ಮಾಡಿದರು. ಊರಿನಲ್ಲಿ ಆಗ ಸಂಜೆ, ಕಿಚ್ಚು ಹಾಯಿಸುವ ಗಲಾಟೆ ಹಿಂದಿನಿಂದ ಕೇಳಿಸುತ್ತಿತ್ತು. "ಅವರೆ ಸಿಕ್ಕಿತೇನಮ್ಮಾ?" ಎಂಬುದೇ ಮೊದಲ ಮಾತು. ಬೋಗುಣಿಯನ್ನು ಮೊಬೈಲಿಗೆ ಹಿಡಿದು ತೋರಿಸಿದೆ. "ಚಪ್ಪರದವರೆ ಬೇಗ ಬೇಯುತ್ತದೆ, ಕುಕ್ಕರಿಗೆ ಹಾಕಬೇಡ" ಎಂದರು. ನೀವು ಏನು ಉಂಡಿರಿ ಎಂದು ಕೇಳಿದೆ. "ಹಬ್ಬದ ಊಟವೇ" ಎಂದು ನಕ್ಕು ಮಾತು ಬದಲಿಸಿದರು.

ಅಪ್ಪನಿಗೆ ಈಗ ಮೂತ್ರಪಿಂಡದ ತೊಂದರೆ. ಉಪ್ಪು ಅಳತೆಯಲ್ಲಿ, ಬೇಳೆ ಕಾಳು ಅಳತೆಯಲ್ಲಿ, ತರಕಾರಿಯನ್ನು ಬೇಯಿಸಿ ನೀರು ಬಸಿದು ಕೊಡಬೇಕು. ತೆಂಗಿನಕಾಯಿ, ಬೆಲ್ಲ, ಬಾಳೆಹಣ್ಣು ಕೂಡದು. ಸಂಕ್ರಾಂತಿಯಲ್ಲಿ ಅವರ ತಟ್ಟೆಗೆ ಬೀಳಬಹುದಾದದ್ದು ಏನು ಉಳಿಯಿತು? ಅಳೆಯುವುದು, ಬಸಿಯುವುದು, ಹೊರಗೆ ಹೋದರೆ ಡಬ್ಬಿ ಕಟ್ಟಿ ಕಳಿಸುವುದು, ಎಲ್ಲ ಅತ್ತಿಗೆಯದು. ಹೊರಗಿನಿಂದ ಬಂದ ಹೆಣ್ಣುಮಗಳು ಅದನ್ನು ಕೈಗೆತ್ತಿಕೊಂಡಿದ್ದಾರೆ. ನಾನು ಯಾರಿಗೋ ಕೊತ್ತಂಬರಿ ಸೊಪ್ಪಾಗದು ಎಂಬುದನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ, ನನ್ನಪ್ಪನಿಗೆ ದಿನಕ್ಕೆ ಎಷ್ಟು ಉಪ್ಪು ಎಂಬುದು ನನಗೆ ತಿಳಿಯದು. ಅಡುಗೆ ಮಾಡುತ್ತಾ ಮಾಡುತ್ತಾ ಈ ಮಾತು ಎದೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಊಟ ಚೆನ್ನಾಗಿಯೇ ಆಯಿತು. ತುಪ್ಪದ ಹುಗ್ಗಿ, ತುಪ್ಪವಿಲ್ಲದ ಹುಗ್ಗಿ, ಶುಂಠಿ ಹಾಕದ್ದೊಂದು ಬೇರೆ. ಸಾರಿಗೆ ಈರುಳ್ಳಿಯಿಲ್ಲದೆ ಮೆಣಸು, ಧನಿಯ, ಗಸಗಸೆ ಹುರಿದು ರುಬ್ಬಿದ್ದೆ. ಅಜ್ಜಿ ಎರಡು ಸಲ ಹಾಕಿಸಿಕೊಂಡರು. ಪದಾರ್ಥ ತಾಗಬಾರದೆನ್ನುವ ಹುಡುಗನಿಗೆ ಖಾನೆಗಳ ಸ್ಟೀಲ್ ತಟ್ಟೆ ಇಟ್ಟೆ. ಕೋಸಂಬರಿಗೆ ಒಂದು, ಪಲ್ಯಕ್ಕೆ ಒಂದು, ಅನ್ನಕ್ಕೆ ಒಂದು. ಅವನು ತುಂಬಾ ಹೊತ್ತು ಆ ತಟ್ಟೆಯನ್ನೇ ನೋಡಿ, ಚಮಚ ತೆಗೆದುಕೊಂಡು ಒಂದೊಂದೇ ಖಾನೆ ಖಾಲಿ ಮಾಡಿದ. ನಮ್ಮ ಎಲೆಯಲ್ಲೂ ಪ್ರತಿಯೊಂದಕ್ಕೂ ಅದರದೇ ಜಾಗವಿದೆಯಲ್ಲ, ಅವನಿಗೆ ಬೇಕಾಗಿದ್ದದ್ದು ಅದೇ. ದೀದಿ ಹುಡುಗಿಗೆ ಆರತಿ ಎತ್ತಿದರು. ಮಗಳು ಸಕ್ಕರೆ ಗಿಳಿ ಕೊಟ್ಟಳು.

ಎಲ್ಲರೂ ಹೊರಟ ಮೇಲೆ ಪಾತ್ರೆಗಳ ಮುಂದೆ ನಿಂತಾಗ ಬೋಗುಣಿಯ ತಳದಲ್ಲಿ ನಾಲ್ಕಾರು ಬೇಳೆ ಉಳಿದಿತ್ತು. ಊರಿನಲ್ಲಿ ಮಧ್ಯರಾತ್ರಿ, ಫೋನ್ ಮಾಡುವ ಹೊತ್ತಲ್ಲ. ಮರುದಿನ ಬೆಳಿಗ್ಗೆ ಕಚೇರಿಗೆ ಹೊರಡುವ ಮುನ್ನ ಅತ್ತಿಗೆಗೆ ಫೋನ್ ಮಾಡಿದೆ. ಅಪ್ಪನ ಪಥ್ಯವನ್ನು ಬೆಳಗಿನ ತಿಂಡಿಯಿಂದ ರಾತ್ರಿಯವರೆಗೆ ಹೇಳಿ, ಬರೆದುಕೊಳ್ಳುತ್ತೇನೆ ಎಂದೆ. ಅವರು ಬಿಡಿಸಿ ಬಿಡಿಸಿ ಹೇಳಿದರು: ಉಪ್ಪು ಎಷ್ಟು, ನೀರು ಎಷ್ಟು, ಯಾವ ತರಕಾರಿಯನ್ನು ಎಷ್ಟು ಹೊತ್ತು ನೆನೆಸಬೇಕು. ಹಬ್ಬದ ದಿನ ಒಂದು ಚಮಚ ಹಿತಕಿದ ಬೇಳೆಯನ್ನು ಬೇಯಿಸಿ ಬಸಿದು ಕೊಟ್ಟಿದ್ದರಂತೆ, ವೈದ್ಯರನ್ನು ಕೇಳಿಯೇ.

"ಡಿಸೆಂಬರಿಗೆ ಬರುತ್ತೇನೆ ಅತ್ತಿಗೆ. ಒಂದಷ್ಟು ದಿನ ಅಪ್ಪನ ಅಡುಗೆ ನನಗೆ ಬಿಡಿ" ಎಂದೆ.

"ಮೊದಲು ಬಾಮ್ಮಾ" ಎಂದರು ಅತ್ತಿಗೆ.