ಹಳೆಯ ಟಿಎಲ್‌ಆರ್ ಕೊಳ್ಳುವ ಮೊದಲು ಟಾರ್ಚ್ ಹಿಡಿಯಿರಿ

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ ಮುಚ್ಚಿದ ಸ್ಟುಡಿಯೋದಿಂದಲೋ ಯಾರದೋ ಕಪಾಟಿನಿಂದಲೋ ಟಿಎಲ್ಆರ್ (ಟ್ವಿನ್ ಲೆನ್ಸ್ ರಿಫ್ಲೆಕ್ಸ್) ಎಂಬ ಎರಡು ಲೆನ್ಸಿನ ಫಿಲ್ಮ್ ಕ್ಯಾಮೆರಾ ಮಾರಾಟಕ್ಕೆ ಬಂದರೆ, ಅದು ರೋಲಿಫ್ಲೆಕ್ಸೋ ಯಾಶಿಕಾವೋ ಎಂಬುದು ಆಮೇಲಿನ ಮಾತು. ಎಷ್ಟು ಮಳೆಗಾಲ ಚರ್ಮದ ಕೇಸಿನೊಳಗೇ ಕಳೆದಿದೆ ಎಂದು ಮೊದಲು ಕೇಳಿ. ಆಟಿ ತಿಂಗಳ ಮಳೆಯ ತೇವವನ್ನು ಚರ್ಮ ಹೀರಿ ಇಟ್ಟುಕೊಳ್ಳುತ್ತದೆ, ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ.

ಹಿಂಬಾಗಿಲು ತೆರೆದು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಪೂರ್ತಿ ಅಗಲಿಸಿ, ಶಟರನ್ನು 'ಬಿ'ಯಲ್ಲಿಟ್ಟು (ಗುಂಡಿ ಒತ್ತಿದಷ್ಟು ಹೊತ್ತೂ ತೆರೆದಿರುತ್ತದೆ) ಗುಂಡಿ ಒತ್ತಿ ಹಿಡಿಯಿರಿ. ಮುಂದಿನಿಂದ ಟಾರ್ಚನ್ನು ಓರೆಯಾಗಿ ಬಿಟ್ಟು ಹಿಂದಿನಿಂದ ನೋಡಿ. ಚಿತ್ರ ತೆಗೆಯುವುದು ಕೆಳಗಿನ ಲೆನ್ಸ್. ಅದರೊಳಗೆ ಜೇಡರ ಬಲೆಯ ಹಾಗೆ ಎಳೆ ಕಂಡರೆ ಅದೇ ಬೂಷ್ಟು, ಫಂಗಸ್. ಅಂಚಿನಲ್ಲಿ ಚೂರು ಇದ್ದರೆ ಬಿಚ್ಚಿ ಒರೆಸಬಹುದು. ನಡುವೆ ಹರಡಿ ಕೋಟಿಂಗ್ ತಿಂದಿದ್ದರೆ ಒರೆಸಿದರೂ ಕಲೆ ಉಳಿಯುತ್ತದೆ, ಬೆಳಕಿಗೆ ಎದುರಾಗಿ ತೆಗೆದ ಚಿತ್ರ ಮಂಕಾಗುತ್ತದೆ. ಎಷ್ಟೇ ಅಗ್ಗವಿರಲಿ, ಅಂಥದ್ದು ಬೇಡ. ಮೇಲಿನ ಲೆನ್ಸಿನ ಬೂಷ್ಟು ಫೋಕಸ್ ನೋಡುವಾಗ ಮಾತ್ರ ಕಾಡುತ್ತದೆ. ಧೂಳಿನ ನಾಲ್ಕು ಕಣ ಲೆಕ್ಕಕ್ಕಿಲ್ಲ.

ಇನ್ನು ಶಟರ್. 1 ಸೆಕೆಂಡಿಗೆ ಇಟ್ಟು ಕಿವಿಗೊಡಿ: ಗಿಯರಿನ ಸದ್ದು ಒಂದೇ ಸಮನೆ ಓಡಿ ನಿಲ್ಲಬೇಕು. ನಡುವೆ ತಡವರಿಸಿದರೆ ಒಳಗಿನ ಎಣ್ಣೆ ಅಂಟಾಗಿದೆ. ಸರ್ವಿಸ್ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ. ಸೆಲ್ಫ್ ಟೈಮರ್ ಮುಟ್ಟಲೇಬೇಡಿ. ಹಳೆಯದು ಅರ್ಧದಲ್ಲಿ ಸಿಕ್ಕಿಕೊಂಡರೆ ಶಟರೇ ಜಾಮ್. ಮಿನೋಲ್ಟಾ ಆಟೋಕಾರ್ಡ್ ಆದರೆ ಫೋಕಸ್ ಲಿವರ್ ಬಿಗಿಯಿದ್ದಾಗ ಒತ್ತಾಯ ಮಾಡಬೇಡಿ, ಮುರಿಯುವುದು ಅದೇ.

ಎರಡು ಲೆನ್ಸಿನ ಫೋಕಸ್ ಹೊಂದುತ್ತದೆಯೇ ಎಂಬ ಪರೀಕ್ಷೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಫಿಲ್ಮ್ ಕೂರುವ ಜಾಗಕ್ಕೆ ಮಬ್ಬು ಸೆಲ್ಲೋಟೇಪನ್ನು ಬಿಗಿಯಾಗಿ ಅಂಟಿಸಿ, ಮತ್ತೆ 'ಬಿ'ಯಲ್ಲಿ ತೆರೆದಿಡಿ. ಮೇಲಿನಿಂದ ಬಗ್ಗಿ ನೋಡುವ ಗಾಜಿನಲ್ಲಿ ದೂರದ ಕರೆಂಟು ಕಂಬ ಸ್ಪಷ್ಟವಾದಾಗ ಟೇಪಿನ ಮೇಲೂ ಸ್ಪಷ್ಟವಾಗಿರಬೇಕು. ಇಲ್ಲವಾದರೆ ಯಾರೋ ಲೆನ್ಸ್ ಬಿಚ್ಚಿ ತಪ್ಪಾಗಿ ಕೂರಿಸಿರಬಹುದು.

ಯಾಶಿಕಾದಲ್ಲಿ ಯಾಶಿಕಾರ್ ಲೆನ್ಸಿಗೆ ಮೂರು ಗಾಜು, ಯಾಶಿನಾನ್‌ಗೆ ನಾಲ್ಕು. ಅಪರ್ಚರನ್ನು ಎಫ್ 8ಕ್ಕೋ ಅದಕ್ಕಿಂತ ಕಿರಿದಾಗಿಯೋ ಇಟ್ಟರೆ ವ್ಯತ್ಯಾಸ ಅಲ್ಪ. ಯಾಶಿಕಾ ಮ್ಯಾಟ್-124ಜಿ ಮಾದರಿಯ ಬೆಳಕು ಅಳೆಯುವ ಮೀಟರಿಗೆಂದು ಹೆಚ್ಚು ಹಣ ಕೊಡಬೇಡಿ: ಅದು 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಹೊಂದಿಸಿದ್ದು, ಈಗಿನ 1.5 ವೋಲ್ಟಿನದು ಹಾಕಿದರೆ ಅಳತೆ ತಪ್ಪುತ್ತದೆ. ಆ ಕ್ಯಾಮೆರಾದ ಪ್ರೆಶರ್ ಪ್ಲೇಟ್ (ಫಿಲ್ಮನ್ನು ಹಿಂದಿನಿಂದ ಒತ್ತಿ ಹಿಡಿಯುವ ತಟ್ಟೆ) 120 ಫಿಲ್ಮಿನ 12 ಚಿತ್ರಕ್ಕೆ ಸರಿಸಿದೆಯೇ, ಒಳಗೆ ಖಾಲಿ ಸ್ಪೂಲ್ ಇದೆಯೇ ಎಂದೂ ನೋಡಿ.

ಮನೆಗೆ ತಂದ ಮೇಲೆ ಚರ್ಮದ ಕೇಸ್ ಬೇರೆ ಕಡೆ ಇರಲಿ. ಕ್ಯಾಮೆರಾವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ಲಿನ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ.