ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೆಸರು ಗಳಿಸುವುದು ಹೇಗೆ?

ಹಬ್ಬಕ್ಕೆಂದು ದಾವಣಗೆರೆಗೆ ಬಂದಾಗಲೆಲ್ಲ, ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಾದ ಬಿಐಇಟಿಯಲ್ಲೋ ಯುಬಿಡಿಟಿಯಲ್ಲೋ ಓದು ಮುಗಿಸಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ಸೇರಲಿರುವ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಅಣ್ಣಾ, ಅಷ್ಟು ಜನರ ನಡುವೆ ನಾವು ಹೆಸರು ಮಾಡೋದು ಹೆಂಗೆ?” ಯಾವ ಕೋರ್ಸ್ ಮಾಡಬೇಕು, ಯಾವ ಸರ್ಟಿಫಿಕೇಟ್ ಪಡೆಯಬೇಕು ಎಂಬ ಉತ್ತರವನ್ನು ಅವರು ನಿರೀಕ್ಷಿಸಿರುತ್ತಾರೆ. ಸರ್ಟಿಫಿಕೇಟು ಸಂದರ್ಶನದವರೆಗೆ ಉಪಯೋಗಕ್ಕೆ ಬಂದೀತು. ಕೆಲಸಕ್ಕೆ ಸೇರಿದ ಮೇಲೆ ಅದನ್ನು ಯಾರಾದರೂ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ನನ್ನ ತಂದೆ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ವಾಯಿದೆಯ ದಿನ ಹಣ ತಂದವನಿಗೆ ಅಲ್ಲಿ ಮತ್ತೆ ಉದ್ರಿ ಸಿಗುತ್ತಿತ್ತು, ಅದು ಸಹಜ. ಆದರೆ ವಾಯಿದೆಗೆ ನಾಲ್ಕು ದಿನ ಮೊದಲೇ ಬಂದು “ಈ ಸಲ ಆಗಂಗಿಲ್ಲ ಸಾವ್ಕಾರ್ರೆ, ಹತ್ತು ದಿನ ತಡ ಆಗ್ತತಿ” ಎಂದವನಿಗೂ ಸಿಗುತ್ತಿತ್ತು. ಸಿಗದೆ ಹೋಗುತ್ತಿದ್ದದ್ದು, ವಾಯಿದೆ ಕಳೆದ ಮೇಲೆ ಆ ಬೀದಿಯನ್ನೇ ತಪ್ಪಿಸಿ ಓಡಾಡುತ್ತಿದ್ದವನಿಗೆ.

ಕೆಲಸದ ಮೊದಲ ವರ್ಷ ನಾನು ಆ ಮೂರನೆಯವನಾಗಿದ್ದೆ. ಶುಕ್ರವಾರಕ್ಕೆ ಮುಗಿಯುತ್ತದೆಯೇ ಎಂದು ಟೀಮ್ ಲೀಡ್ ಕೇಳಿದಾಗ, ಹಿರಿಯರಿಗೆ ಇಲ್ಲವೆನ್ನಬಾರದೆಂಬ ನಮ್ಮ ಕಡೆಯ ಸಂಕೋಚದಿಂದ “ಆಗುತ್ತೆ ಸರ್” ಎಂದುಬಿಟ್ಟೆ. ಆಗುವುದಿಲ್ಲವೆಂದು ಬುಧವಾರವೇ ತಿಳಿದಿದ್ದರೂ ಬಾಯಿ ಬಿಡಲಿಲ್ಲ. ಶುಕ್ರವಾರ ರಾತ್ರಿ ಎಂಟರವರೆಗೆ ಟೆಸ್ಟಿಂಗ್‌ನವರು ನನಗಾಗಿ ಕಾದು ಕುಳಿತರು. ಕೆಲಸ ತಡವಾದದ್ದು ಮೂರೇ ದಿನ, ಆದರೆ ಮುಂದಿನ ಆರು ತಿಂಗಳು ಆ ಲೀಡ್ ನನ್ನೊಬ್ಬನ ಮೇಜಿನ ಬಳಿಗೆ ಮಾತ್ರ ದಿನಕ್ಕೆರಡು ಸಲ ಬಂದು “ಎಲ್ಲಿಗೆ ಬಂತು?” ಎಂದು ವಿಚಾರಿಸುತ್ತಿದ್ದರು. ಕೆಟ್ಟ ಹೆಸರೆಂದರೆ ಬೈಗುಳವಲ್ಲ, ಆ ಎರಡನೆಯ ಸಲದ ವಿಚಾರಣೆ ಎಂಬುದು ನನಗೆ ನಿಧಾನವಾಗಿ ಅರ್ಥವಾಯಿತು.

ಒಳ್ಳೆಯ ಹೆಸರು ಬಂದ ಬಗೆ ಬೇರೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ರೂಪಿಸಿದ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ಸಾಫ್ಟ್‌ವೇರ್ ಈಗ ಬಹುತೇಕ ಎಲ್ಲ ಕಂಪನಿಗಳಲ್ಲೂ ಇದೆ. ಕೋಡಿನ ಪ್ರತಿಯೊಂದು ಸಾಲನ್ನೂ ಕೊನೆಯದಾಗಿ ಯಾರು, ಯಾವಾಗ ಬದಲಿಸಿದರೆಂದು ಅದರ ‘ಬ್ಲೇಮ್’ ಕಮಾಂಡ್ ತೋರಿಸುತ್ತದೆ. ಏಕೆ ಬದಲಿಸಿದರೆಂಬುದು ಮಾತ್ರ, ಬದಲಾವಣೆಯನ್ನು ದಾಖಲಿಸುವಾಗ ಜೊತೆಗೆ ಬರೆಯುವ ಟಿಪ್ಪಣಿಯಾದ ಕಮಿಟ್ ಮೆಸೇಜಿನಲ್ಲಿ ನಾವು ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಊರಿನ ಹೆಸರು ಕನ್ನಡದಲ್ಲಿದ್ದರೆ “ದಾವಣಗೆ” ಎಂದು ಅಚ್ಚಾಗಿ, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಬರುತ್ತಿತ್ತು. ಕಣ್ಣಿಗೆ ಐದೇ ಅಕ್ಷರವಾಗಿ ಕಾಣುವ ದಾವಣಗೆರೆ, ಕಾಗುಣಿತದ ಚಿಹ್ನೆಗಳನ್ನೂ ಬೇರೆಯಾಗಿ ಎಣಿಸುವ ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ವ್ಯವಸ್ಥೆ) ಎಂಟು ಸಂಕೇತಗಳಾಗುತ್ತದೆ. ಆ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ ಮೂರರಂತೆ ಒಟ್ಟು 24 ಬೈಟ್ ಜಾಗ ಬೇಕು. ನಮ್ಮ ಕೋಡ್ ಹೆಸರನ್ನು 20 ಬೈಟಿಗೆ ಕತ್ತರಿಸುತ್ತಿತ್ತು. ಇಂಗ್ಲಿಷಿನಲ್ಲಿ ಬರೆದರೆ ಹತ್ತೇ ಬೈಟಾದ್ದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ. (ತಂಡದಲ್ಲಿ ಕನ್ನಡ ಓದಬಲ್ಲವನು ನಾನೊಬ್ಬನೇ ಆಗಿದ್ದದ್ದು ಅದೃಷ್ಟವೇ ಸರಿ.)

ತಿದ್ದಬೇಕಾಗಿದ್ದದ್ದು ಒಂದೇ ಸಾಲು. ಆದರೆ ಕಾರಣವೇನು, ಇದೇ ದೋಷ ಬೇರೆ ಯಾವ ಯಾವ ಕಡೆ ಅಡಗಿರಬಹುದು, ಯಾವ ಹೆಸರುಗಳನ್ನು ಕೊಟ್ಟು ಪರೀಕ್ಷಿಸಿದೆ ಎಂಬುದನ್ನೆಲ್ಲ ಕಮಿಟ್ ಮೆಸೇಜಿನಲ್ಲಿ ಅರ್ಧ ಪುಟ ಬರೆದೆ. ಎಂಟು ತಿಂಗಳ ನಂತರ, ನಾನು ಮುಖವನ್ನೇ ಕಂಡಿರದ ಬೇರೊಂದು ತಂಡದ ಹಿರಿಯರೊಬ್ಬರು ಫೋನ್ ಮಾಡಿ, ತಮಿಳು ಹೆಸರುಗಳೂ ಹೀಗೆಯೇ ತುಂಡಾಗುತ್ತಿವೆ, ಒಮ್ಮೆ ನೋಡುತ್ತೀರಾ ಎಂದು ಕೇಳಿದರು. ಆ ತಿದ್ದುಪಡಿಯನ್ನು ನಮ್ಮ ಮ್ಯಾನೇಜರ್ ಮೀಟಿಂಗಿನಲ್ಲಿ ತಮ್ಮದೆಂಬಂತೆ ಹೇಳಿಕೊಂಡಿದ್ದರು. ಫೋನ್ ಮಾತ್ರ ನನಗೇ ಬಂತು.

ಇಷ್ಟು ಹೇಳಿದ ಮೇಲೆ, ಕಳೆದ ದೀಪಾವಳಿಯಲ್ಲಿ ಒಬ್ಬ ಹುಡುಗಿ ಕೇಳಿದಳು: “ತಪ್ಪೇ ನಮ್ಮದಾಗಿದ್ರೆ, ಅದಕ್ಕೂ ನಮ್ಮ ಹೆಸರೇ ಇರ್ತತಲ್ಲಣ್ಣಾ?” ಇರುತ್ತದೆ. ಆಗ ಬೇರೆಯವರು ಬ್ಲೇಮ್ ಹಾಕಿ ಹುಡುಕುವ ಮೊದಲೇ, “ನನ್ನ ಬದಲಾವಣೆಯಿಂದ ಹೀಗಾಗಿದೆ, ಅದನ್ನು ಹಿಂದಕ್ಕೆ ತೆಗೆದಿದ್ದೇನೆ, ಇಂತಿಷ್ಟು ಬಿಲ್ಲುಗಳು ತಪ್ಪಾಗಿವೆ” ಎಂದು ತಂಡಕ್ಕೆ ಬರೆದುಬಿಡು ಎಂದೆ.