ಐದು ಭಾಷೆ, ಒಂದು ‘ತಕರಾರು’

ಮನೆಬಳಕೆಯ ಯಂತ್ರಗಳ ಸರ್ವಿಸ್ ವಿಭಾಗದಲ್ಲಿ ನನ್ನ ಕೆಲಸ. ಗಿರಾಕಿಗಳು ದೂರು ಕೊಡುವ ಆಪ್‌ನಲ್ಲಿ ಯಾವ ಭಾಷೆಗೆ ಯಾವ ಪದ ಬರಬೇಕು ಅನ್ನುವ ಪಟ್ಟಿ ನೋಡಿಕೊಳ್ಳುತ್ತೇನೆ. ಕನ್ನಡ, ಮರಾಠಿ, ಹಿಂದಿ, ತಮಿಳು, ಮಲಯಾಳಂ. ಹೊಸದಾಗಿ ಸೇರಿದವರ ಕೈಗೆ ನಾನು ಮೊದಲು ಕೊಡುವ ಪದ ‘ತಕರಾರು’. ಐದೂ ಭಾಷೆಯಲ್ಲಿ ಇದೆ, ಕೇಳೋದಕ್ಕೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಐದೂ ಕಾಲಮ್ಮಿಗೆ ಅದನ್ನೇ ತುಂಬಿ ಊಟಕ್ಕೆ ಹೋಗಿಬಿಡೋಣ ಅನ್ನಿಸುತ್ತದೆ.

ಮರಾಠಿಗೆ ಅದು ಸರಿಹೋಗುತ್ತದೆ. ಅಲ್ಲಿ ದೂರು ಅಂದರೆ ತಕ್ರಾರ್. ಕಚೇರಿಯಲ್ಲಿ ಇಟ್ಟಿರುವ ದೂರಿನ ಡಬ್ಬಿಗೂ ‘ತಕ್ರಾರ್ ಪೇಟಿ’ ಅಂತಲೇ ಹೆಸರು. ಆಪ್‌ನಲ್ಲಿ ದೂರು ಕೊಡಲು ಒತ್ತುವ ಗುಂಡಿಯ ಮೇಲೆ ಅದೇ ಪದ ಚೆನ್ನೈನವರ ಮೊಬೈಲಿನಲ್ಲಿ ಕಂಡರೆ ‘ಜಗಳ ದಾಖಲಿಸಿ’ ಅಂದ ಹಾಗಾಗುತ್ತದೆ. ಕುಡಿದು ಬೀದಿಯಲ್ಲಿ ಗಲಾಟೆ ಮಾಡಿದವರ ಸುದ್ದಿಗೆ ತಮಿಳು ಪತ್ರಿಕೆಗಳು ಬಳಸೋ ಪದ ಅದು. ದೂರಿಗೆ ಅವರು ‘ಪುಗಾರ್’ ಅನ್ನುತ್ತಾರೆ. ಹಿಂದಿಯಲ್ಲೂ ತಕರಾರ್ ಅಂದರೆ ಜಗಳ, ಮುನಿಸು. ‘ಪ್ಯಾರ್’ ಜೊತೆ ಪ್ರಾಸಕ್ಕೆ ಚೆನ್ನಾಗಿ ಕೂರುತ್ತದೆ. ದೂರಿಗೆ ಅಲ್ಲಿ ‘ಶಿಕಾಯತ್’. ತಕರಾರಿನ ಹಾಗೆ ಅದೂ ಅರಬ್ಬಿಯಿಂದಲೇ ಬಂದದ್ದು, ಇರಲಿ.

ಮಲಯಾಳಂನದ್ದು ಬೇರೆಯೇ ಕಥೆ. ಕೋಯಿಕ್ಕೋಡಿನ ಟೆಕ್ನಿಷಿಯನ್ ಒಬ್ಬರು ‘ಮೋಟೋರ್ ತಕರಾರಾಣ್’ ಅಂತ ಬರೆದು ಕಳಿಸಿದ್ದರು. ಬೆಂಗಳೂರಿನ ಡೆಸ್ಕಿನಲ್ಲಿದ್ದ ಹುಡುಗ ಅವರಿಗೆ ಫೋನ್ ಮಾಡಿ, ಗಿರಾಕಿಯದ್ದು ಏನು ತಕರಾರು, ಮೇಲಿನವರ ಹತ್ತಿರ ಮಾತಾಡಿಸಬೇಕಾ ಅಂತ ಕೇಳಿದ. ‘ಗಿರಾಕಿ ಪಾಪ ಒಳ್ಳೆಯವರು, ತಕರಾರು ಇರೋದು ಮೋಟಾರಿಗೆ’ ಅಂದರು ಅವರು. ಮಲಯಾಳಂನಲ್ಲಿ ಯಂತ್ರ ಕೆಟ್ಟರೆ ತಕರಾರು. ತಾಂತ್ರಿಕ ದೋಷದಿಂದ ವಿಮಾನ ತಡವಾದರೆ ‘ಸಾಂಕೇತಿಕ ತಕರಾರು’ (ಅಲ್ಲಿ ಸಾಂಕೇತಿಕ ಅಂದರೆ ತಾಂತ್ರಿಕ). ಆ ಭಾಷೆಯಲ್ಲಿ ‘ತಕರುಕ’ ಅಂತ ಒಂದು ಕ್ರಿಯಾಪದವೂ ಇದೆ: ಒಡೆದುಹೋಗು, ಕುಸಿದು ಬೀಳು. ಹೊರಗಿಂದ ಬಂದ ಪದಕ್ಕೆ ಮನೆಯಲ್ಲೇ ಒಬ್ಬ ನೆಂಟ ಸಿಕ್ಕಿದ ಹಾಗಾಗಿ ಅರ್ಥ ಆ ಕಡೆ ವಾಲಿರಬೇಕು ಅಂತ ನನ್ನ ಊಹೆ.

ಅರಬ್ಬಿಯ ‘ತಕ್ರಾರ್’ನಲ್ಲಿ ಜಗಳವೂ ಇಲ್ಲ, ದೂರೂ ಇಲ್ಲ. ಮಾಡಿದ್ದನ್ನೇ ಮತ್ತೆ ಮಾಡೋದು, ಹೇಳಿದ್ದನ್ನೇ ಮತ್ತೆ ಹೇಳೋದು, ಅಷ್ಟೇ. ಪಾರ್ಸಿಯಲ್ಲಿ ಇವತ್ತಿಗೂ ಹಾಗೇ. ತುರ್ಕಿಯಲ್ಲಿ ‘ತೆಕ್ರಾರ್’ ಅಂದರೆ ‘ಮತ್ತೆ’. ಅಲ್ಲಿನ ಆಪ್‌ಗಳಲ್ಲಿ ನೆಟ್‌ವರ್ಕ್ ಹೋದಾಗ ‘ತೆಕ್ರಾರ್ ದೆನೆಯಿನ್’ ಅಂತ ಬರುತ್ತದೆ: ಮತ್ತೆ ಪ್ರಯತ್ನಿಸಿ.

ನಮ್ಮ ಕಡೆ ಬಂದದ್ದು ಪಾರ್ಸಿ ಕಚೇರಿಗಳ ದಾರಿಯಲ್ಲಿ. ಬಹಮನಿ, ಆದಿಲ್‌ಶಾಹಿ ಆಡಳಿತದ ಬರವಣಿಗೆಯಲ್ಲಿ ಪಾರ್ಸಿಯ ಬಳಕೆ ಹೆಚ್ಚಿತ್ತು. ತಾಲೂಕು, ಜಿಲ್ಲೆ, ವಸೂಲಿ, ಜಾಮೀನು, ಎಲ್ಲದರ ಬೇರೂ ಅರಬ್ಬಿಯಲ್ಲಿದೆ. 17ನೇ ಶತಮಾನದಲ್ಲಿ ಶಿವಾಜಿ ಇಂಥ ಪದಗಳ ಬದಲು ಸಂಸ್ಕೃತ ಪದ ತರಲು ‘ರಾಜವ್ಯವಹಾರಕೋಶ’ ಅಂತ ಒಂದು ಕೋಶವನ್ನೇ ಮಾಡಿಸಿದ. ಆದರೂ ಮರಾಠಿ ಜನ ಇವತ್ತಿಗೂ ತಕ್ರಾರ್ ಕೊಡುತ್ತಲೇ ಇದ್ದಾರೆ.

‘ಮತ್ತೆ’ ಅನ್ನೋದು ಜಗಳ ಆದದ್ದು ಹೇಗೆ ಅಂತ ಹೊಸಬರು ಕೇಳುತ್ತಾರೆ. ಹಾಡಿದ್ದೇ ಹಾಡೋ ಕಿಸ್ಬಾಯಿ ದಾಸನ ಜೊತೆ ಒಂದು ಗಂಟೆ ಕೂತವರಿಗೆ ವಿವರಿಸಬೇಕಾಗಿಲ್ಲ. ಹೇಳಿದ್ದನ್ನೇ ಹೇಳಿದರೆ ವಾದ, ಇಬ್ಬರೂ ಹಾಗೇ ಮಾಡಿದರೆ ಜಗಳ, ಅದು ಕಚೇರಿ ಮೆಟ್ಟಿಲು ಹತ್ತಿದರೆ ಅರ್ಜಿ.

ಕನ್ನಡದ ತಕರಾರು ನಿಂತಿರೋದು ಆ ಕಚೇರಿಯಲ್ಲೇ. ಖಾತೆ ಬದಲಾವಣೆಗೆ ಮೊದಲು ‘ತಕರಾರು ಇದ್ದವರು ಸಲ್ಲಿಸಬಹುದು’ ಅಂತ ನೋಟೀಸು ಅಂಟಿಸುತ್ತಾರಲ್ಲ, ಅದು. ಮದುವೆ ಮಾತುಕತೆಯಲ್ಲಿ ‘ನಮ್ದೇನೂ ತಕರಾರಿಲ್ಲ’ ಅನ್ನೋದೂ ಅದೇ: ಒಪ್ಪಿಗೆಗೆ ಅಡ್ಡಿಯಿಲ್ಲ. ಫ್ರಿಜ್ ತಣ್ಣಗಾಗ್ತಿಲ್ಲ ಅನ್ನೋದಕ್ಕೆ ನಾವು ತಕರಾರು ಅನ್ನಲ್ಲ, ದೂರು ಅಂತೀವಿ. ಆದ್ದರಿಂದ ನಮ್ಮ ಆಪ್‌ನಲ್ಲಿ ಆ ಪದ ಇರೋದು ಒಂದೇ ಕಡೆ: ‘ಬಿಲ್ ಬಗ್ಗೆ ತಕರಾರು’.

ಇದರಿಂದ ಪಟ್ಟಿ ಮಾಡೋ ಕ್ರಮವನ್ನೇ ಬದಲಾಯಿಸಿದೆವು. ಮೊದಲು ಪದದ ಪಕ್ಕ ಅರ್ಥ ಬರೆಯುತ್ತಿದ್ದೆವು. ನಿಘಂಟಿನಲ್ಲಿ ಜಗಳ, ಆಕ್ಷೇಪಣೆ, ದೂರು ಎಲ್ಲಾ ಒಂದೇ ಸಾಲಿನಲ್ಲಿರುತ್ತವೆ. ಯಾವುದು ಜಾಸ್ತಿ ಬಳಕೆಯಲ್ಲಿದೆ ಗೊತ್ತಾಗಲ್ಲ. ಈಗ ಅರ್ಥದ ಬದಲು ಒಂದು ವಾಕ್ಯ ಬರೆಸುತ್ತೇವೆ, ಅದೂ ಆ ಊರಿನ ಟೆಕ್ನಿಷಿಯನ್ ಗಿರಾಕಿಗೆ ಫೋನಿನಲ್ಲಿ ಹೇಳುವ ಥರದ್ದು. ಭಾಷಾ ಪಂಡಿತರಿಗಿಂತ ಸ್ಪ್ಯಾನರ್ ಹಿಡಿದವರನ್ನು ನಾನು ಜಾಸ್ತಿ ನಂಬುತ್ತೇನೆ. ಐದೂ ಭಾಷೆಯವರು ತಮ್ಮ ವಾಕ್ಯವನ್ನು ಗಟ್ಟಿಯಾಗಿ ಓದಿ, ಏನಾಯಿತು ಅಂತ ಹೇಳಬೇಕು. ಒಂದೇ ಘಟನೆ ಬಂದರೆ ಮಾತ್ರ ಆ ಸಾಲು ಪಾಸ್.

ಮುಂದಿನ ಪಟ್ಟಿ ಎಚ್‌ಆರ್‌ನವರದ್ದು. ಅದರಲ್ಲಿ ‘ರಾಜೀನಾಮೆ’ ಇದೆ. ಕನ್ನಡ, ಮರಾಠಿಯಲ್ಲಿ ಅದನ್ನು ಕೊಟ್ಟರೆ ಕೆಲಸ ಬಿಟ್ಟ ಹಾಗೆ. ಹಿಂದಿಯಲ್ಲಿ ‘ರಾಜೀನಾಮಾ’ ಅಂದರೆ ಜಗಳ ಬಗೆಹರಿದು ಎರಡೂ ಕಡೆಯವರು ರುಜು ಹಾಕೋ ಒಪ್ಪಂದ. ವಾಕ್ಯ ಬರೆದು ಕಳಿಸಿ ಅಂತ ಎಲ್ಲಾ ಊರಿಗೂ ಮೇಲ್ ಹಾಕಿದ್ದೇನೆ.